ಕಣ್ಣು ಮುಚ್ಚಿದ ಊರಲ್ಲಿ ಕೊಲೆ ಮಾಡಿದ್ದು ಯಾರು?

ಗೆಳೆಯರು ಕೂಡಿ ಆಡುವ ‘ಮಾಫಿಯಾ’ ಆಟದಲ್ಲಿ ಸುತ್ತಿಗೊಂದು ಕೊಲೆ, ಒಂದು ವಿಚಾರಣೆ, ಒಂದು ತೀರ್ಪು. ಚೀಟಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು, ನಾವು ಎಷ್ಟು ಸಲ ಅಮಾಯಕರಿಗೆ ಶಿಕ್ಷೆ ಕೊಟ್ಟೆವು ಎಂದು.

ಶನಿವಾರ ರಾತ್ರಿ ಹತ್ತು ಗಂಟೆ. ಬನಶಂಕರಿ ಎರಡನೇ ಹಂತದ ಮನೆಯೊಂದರ ತಾರಸಿ. ಬಸ್ ನಿಲ್ದಾಣದ ಕಡೆಯ ಹಾರ್ನ್ ಸದ್ದು ಇನ್ನೂ ನಿಂತಿಲ್ಲ. ನೀರಿನ ಟ್ಯಾಂಕಿನ ಪಕ್ಕ ಜಮಖಾನ ಹಾಸಿಕೊಂಡು ಹತ್ತು ಮಂದಿ ಸುತ್ತ ಕೂತಿದ್ದಾರೆ. ನಡುವೆ ಕೋಡುಬಳೆ ಡಬ್ಬಿ, ಖಾಲಿಯಾದ ಕಾಫಿ ಲೋಟಗಳು, ಒಂದಿಷ್ಟು ಮಡಿಸಿದ ಚೀಟಿ. ಎಲ್ಲರೂ ಒಂದೇ ಕಾಲೇಜಿನವರು. ಒಬ್ಬರ ಮದುವೆಗೆ ಇನ್ನೊಬ್ಬರು ಓಡಾಡಿದವರು, ಕೈಸಾಲ ಕೊಟ್ಟು ತಗೊಂಡವರು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿದಿರುವವರು.

ಒಬ್ಬ ಮಾತ್ರ ಆಟಕ್ಕೆ ಹೊರಗೆ. ಅವನಿಗೆ ಇಲ್ಲಿ ‘ದೇವರು’ ಎಂದು ಹೆಸರು, ಆಟ ನಡೆಸುವವನು. ‘ಊರು ಮಲಗಿತು. ಎಲ್ಲರೂ ಕಣ್ಣು ಮುಚ್ಚಿ’ ಎನ್ನುತ್ತಾನೆ. ಒಂಬತ್ತು ಜೋಡಿ ಕಣ್ಣು ಮುಚ್ಚುತ್ತವೆ. ‘ಮಾಫಿಯಾ ಎದ್ದೇಳಲಿ.’ ಚೀಟಿಯಲ್ಲಿ ಮಾಫಿಯಾ ಎಂದು ಬಂದ ಇಬ್ಬರು ಸದ್ದಿಲ್ಲದೆ ಕಣ್ಣು ತೆರೆದು, ಪರಸ್ಪರ ನೋಡಿಕೊಂಡು, ಮೂರನೆಯವರ ಕಡೆ ಬೆರಳು ತೋರಿಸಿ ಮತ್ತೆ ಕಣ್ಣು ಮುಚ್ಚುತ್ತಾರೆ. ‘ಬೆಳಗಾಯಿತು’ ಎಂದಾಗ ಎಲ್ಲರೂ ಎದ್ದರೆ ಒಬ್ಬಳು ‘ಸತ್ತಿದ್ದಾಳೆ’. ಇನ್ನು ಅವಳು ಬಾಯಿ ಬಿಡುವಂತಿಲ್ಲ. ಉಳಿದ ಎಂಟು ಮಂದಿ ಕೊಲೆಗಾರ ಯಾರೆಂದು ಚರ್ಚೆ ಮಾಡಿ, ಕೈ ಎತ್ತಿ, ಒಬ್ಬರನ್ನು ಊರಿನಿಂದ ಹೊರಗೆ ಹಾಕಬೇಕು.

‘ನೀನೇ ಕಣೋ. ಸುಳ್ಳು ಹೇಳೋವಾಗ ನೀನು ಮೂಗು ಉಜ್ಕೋತೀಯ. ಫಸ್ಟ್ ಇಯರ್‌ನಿಂದ ನೋಡ್ತಾ ಇದೀನಿ.’

‘ಶೀತ ಆಗಿದೆ ಕಣೇ. ಬೆಳಗ್ಗೆಯಿಂದ ಹೀಗೇ ಇದೆ, ಬೇಕಿದ್ರೆ ನಮ್ಮನೆಯವಳನ್ನ ಕೇಳು.’

‘ನೋಡಿ, ನೋಡಿ! ಕೇಳದೇ ಇರೋದಕ್ಕೆಲ್ಲ ಸಾಕ್ಷಿ ಕೊಡ್ತಾ ಇದಾನೆ. ಇವನೇ.’

ಆರು ಕೈ ಮೇಲೇಳುತ್ತವೆ. ಅವನು ಚೀಟಿ ಬಿಚ್ಚಿ ತೋರಿಸುತ್ತಾನೆ: ಊರಿನ ಸಾಮಾನ್ಯ ಪ್ರಜೆ. ಶೀತ ನಿಜವಾಗಿಯೂ ಆಗಿತ್ತು. ತಾರಸಿ ತುಂಬ ನಗು. ಅಷ್ಟರಲ್ಲಿ ಊರು ಮತ್ತೆ ಮಲಗುತ್ತದೆ.

ಜಯನಗರ, ಜೆ.ಪಿ. ನಗರ, ಬಿಟಿಎಂ, ಬನಶಂಕರಿಯ ಬಾಡಿಗೆ ಮನೆ, ಪಿ.ಜಿ., ಕಾಲೇಜು ಹಾಸ್ಟೆಲು, ಆಫೀಸಿನ ಟೀಮ್ ಔಟಿಂಗ್‌ಗಳಲ್ಲಿ ಈ ಆಟ ಗೊತ್ತಿಲ್ಲದ ಹುಡುಗ ಹುಡುಗಿಯರು ಕಡಿಮೆ. ಆಡಲು ಖರ್ಚಿಲ್ಲ. ಒಂದು ಹಾಳೆ, ಒಂದು ಪೆನ್ನು, ಪರಸ್ಪರ ಬಲ್ಲವರ ಒಂದು ಗುಂಪು ಇದ್ದರಾಯಿತು. ಸ್ನೇಹಿತರ ನಡುವಿನ ಕೊಲೆ ರಹಸ್ಯವನ್ನು ಒಂದು ಗಂಟೆಯಲ್ಲಿ ಬರೆದು, ಅಭಿನಯಿಸಿ, ಬಗೆಹರಿಸಿಬಿಡುವ ಈ ಆಟ ಬರೀ ಕಾಲಹರಣ ಎಂದು ನನಗೆ ಅನಿಸಿಲ್ಲ. ನಾವು ಇನ್ನೊಬ್ಬರನ್ನು ಹೇಗೆ ನಂಬುತ್ತೇವೆ, ಹೇಗೆ ಅನುಮಾನಿಸುತ್ತೇವೆ ಎಂಬುದನ್ನು ಇದರಷ್ಟು ನೇರವಾಗಿ ತೋರಿಸುವ ಇನ್ನೊಂದು ಆಟ ನಾನು ಕಂಡಿಲ್ಲ.

ಮಾಸ್ಕೋದಿಂದ ಬನಶಂಕರಿಗೆ

ಆಟ ಹುಟ್ಟಿದ್ದು 1986ರ ಹೊತ್ತಿಗೆ, ಮಾಸ್ಕೋ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಮನಃಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್ ಇದನ್ನು ಕಟ್ಟಿದ. ಆಟದ ತಳದಲ್ಲಿ ಅವನಿಟ್ಟ ವಿಚಾರ ಸರಳ: ಎಲ್ಲ ಗೊತ್ತಿರುವ ಕೆಲವರು ಒಂದು ಕಡೆ, ಏನೂ ಗೊತ್ತಿರದ ಬಹುಮಂದಿ ಇನ್ನೊಂದು ಕಡೆ. ಮಾಫಿಯಾ ಪಾಳೆಯದವರಿಗೆ ತಮ್ಮವರು ಯಾರೆಂದು ಗೊತ್ತು. ಊರಿನವರಿಗೆ ತಮ್ಮನ್ನು ಬಿಟ್ಟು ಇನ್ನಾರ ಬಗೆಗೂ ಖಾತ್ರಿಯಿಲ್ಲ. ಹಾಸ್ಟೆಲಿನಿಂದ ಹಾಸ್ಟೆಲಿಗೆ, ದೇಶದಿಂದ ದೇಶಕ್ಕೆ ಆಟ ಬಾಯಿಂದ ಬಾಯಿಗೆ ಹರಡಿತು. 1997ರಲ್ಲಿ ಅಮೆರಿಕದ ಆ್ಯಂಡ್ರೂ ಪ್ಲಾಟ್ಕಿನ್ ಮಾಫಿಯಾ ಬದಲು ನರತೋಳಗಳನ್ನು ತಂದು ‘ವೇರ್‌ವುಲ್ಫ್’ ಎಂದು ಹೆಸರಿಟ್ಟ. 2018ರಲ್ಲಿ ಬಂದ ‘ಅಮಾಂಗ್ ಅಸ್’ ಎಂಬ ಮೊಬೈಲ್ ಆಟ 2020ರ ಲಾಕ್‌ಡೌನ್ ಕಾಲದಲ್ಲಿ ಜಗತ್ತಿನ ಮಕ್ಕಳನ್ನೆಲ್ಲ ಹಿಡಿದು ಕೂರಿಸಿತಲ್ಲ, ಅದೂ ಇದೇ ವಂಶದ್ದು.

ಆದರೆ ನಮ್ಮ ಮಕ್ಕಳಿಗೆ ಇದರ ಪಾಠ ಮಾಸ್ಕೋದಿಂದ ಬರಬೇಕಾಗಿರಲಿಲ್ಲ. ರಾಜ, ರಾಣಿ, ಪೊಲೀಸ್, ಕಳ್ಳ ಎಂದು ನಾಲ್ಕು ಚೀಟಿ ಬರೆದು, ಕೈಯೊಳಗೆ ಕುಲುಕಿ, ನೆಲಕ್ಕೆ ಚೆಲ್ಲಿ ಆಡದವರು ನಮ್ಮಲ್ಲಿ ಯಾರಿದ್ದಾರೆ? ರಾಜ ತನ್ನ ಚೀಟಿ ತೋರಿಸುತ್ತಾನೆ. ಪೊಲೀಸ್ ಎದ್ದು ನಿಲ್ಲುತ್ತಾನೆ. ಮಿಕ್ಕ ಇಬ್ಬರಲ್ಲಿ ಕಳ್ಳ ಯಾರೆಂದು ಮುಖ ನೋಡಿ ಹೇಳಬೇಕು. ಹೇಳಿದ್ದು ಸರಿಯಾದರೆ ಅಂಕ ಪೊಲೀಸನಿಗೆ, ತಪ್ಪಾದರೆ ಅದೇ ಅಂಕ ಕಳ್ಳನಿಗೆ. ಅಂಕಗಳ ಲೆಕ್ಕ ಮನೆಗೊಂದು ಥರ. ನಿಯಮ ಮಾತ್ರ ಎಲ್ಲ ಕಡೆ ಒಂದೇ: ಪೊಲೀಸ್ ತಪ್ಪು ಮಾಡಿದರೆ ಲಾಭ ಕಳ್ಳನಿಗೆ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಜಗಲಿಯ ಮೇಲೆ ಕಲಿತ ಈ ನಿಯಮ ಎಷ್ಟು ಗಂಭೀರವಾದದ್ದು ಎಂಬುದು ದೊಡ್ಡವರಾದ ಮೇಲೆ ತಿಳಿಯುತ್ತದೆ.

ಅತಿಥಿಗಳ ನಡುವೆ ಒಂದು ಹೆಣ

ಕೂಟದಲ್ಲಿ ಆಡುವ ಕೊಲೆಯಾಟ ನಿಜವಾದ ಕೊಲೆಯಾಗಿಬಿಟ್ಟರೆ? ಪತ್ತೇದಾರಿ ಸಾಹಿತ್ಯಕ್ಕೆ ಈ ಪ್ರಶ್ನೆ ಬಲು ಪ್ರೀತಿಯದು. 1930ರ ದಶಕದ ಇಂಗ್ಲೆಂಡಿನಲ್ಲಿ ಸಿರಿವಂತರ ಹಳ್ಳಿಮನೆಗಳ ಕೂಟಗಳಲ್ಲಿ ದೀಪ ಆರಿಸಿ ಆಡುವ ಕೊಲೆಯಾಟ ರೂಢಿಯಲ್ಲಿತ್ತು. ನ್ಯೂಜಿಲೆಂಡಿನ ಲೇಖಕಿ ನಾಯೊ ಮಾರ್ಷ್ 1934ರಲ್ಲಿ ಬರೆದ ಮೊದಲ ಕಾದಂಬರಿ ‘ಎ ಮ್ಯಾನ್ ಲೇ ಡೆಡ್’ನಲ್ಲಿ ಅಂಥದೇ ಆಟದ ನಡುವೆ ದೀಪ ಆರುತ್ತದೆ, ಹತ್ತಿದಾಗ ಒಬ್ಬ ಅತಿಥಿ ನಿಜವಾಗಿಯೂ ಇರಿತಕ್ಕೆ ಸಿಕ್ಕು ಸತ್ತಿರುತ್ತಾನೆ. 1950ರಲ್ಲಿ ಬಂದ ಅಗಾಥಾ ಕ್ರಿಸ್ಟಿಯ ‘ಎ ಮರ್ಡರ್ ಈಸ್ ಅನೌನ್ಸ್ಡ್’ನಲ್ಲಿ ಊರ ಪತ್ರಿಕೆಯಲ್ಲಿ ‘ಇಂಥ ದಿನ, ಇಂಥ ಮನೆಯಲ್ಲಿ ಕೊಲೆ’ ಎಂಬ ಜಾಹೀರಾತು ಬರುತ್ತದೆ. ಯಾವುದೋ ಆಟವಿರಬೇಕೆಂದುಕೊಂಡು ನೆರೆಹೊರೆಯವರೆಲ್ಲ ಬಂದು ಸೇರುತ್ತಾರೆ. ಬರ್ಮಿಂಗ್‌ಹ್ಯಾಮಿನ ಸಂಗೀತಗಾರ ಆ್ಯಂಟನಿ ಪ್ರ್ಯಾಟ್ ಹೋಟೆಲುಗಳಲ್ಲಿ ಪಿಯಾನೊ ನುಡಿಸುವಾಗ ಅತಿಥಿಗಳು ಆಡುತ್ತಿದ್ದ ಇಂಥ ಆಟಗಳನ್ನು ಕಂಡಿದ್ದ. ಯುದ್ಧಕಾಲದಲ್ಲಿ ಅದನ್ನೇ ಹಲಗೆಯ ಮೇಲೆ ತಂದ. ಅದೇ 1949ರಲ್ಲಿ ಮಾರುಕಟ್ಟೆಗೆ ಬಂದ ‘ಕ್ಲೂಡೊ’. ಆರು ಮಂದಿ ಶಂಕಿತರು, ಆರು ಆಯುಧ, ಒಂಬತ್ತು ಕೋಣೆ. ಒಟ್ಟು 324 ಸಾಧ್ಯತೆಗಳಲ್ಲಿ ನಿಜ ಒಂದೇ.

ಕಥೆಗಾರರಿಗೆ ಈ ಸನ್ನಿವೇಶ ಯಾಕೆ ಇಷ್ಟ ಎಂದು ಯೋಚಿಸಿದರೆ ಕಾರಣ ಹೊಳೆಯುತ್ತದೆ. ಆಟದಲ್ಲಿ ಸುಳ್ಳಾಡಲು ಎಲ್ಲರಿಗೂ ಪರವಾನಗಿ ಇದೆ. ಕತ್ತಲಲ್ಲಿ ಯಾರು ಎಲ್ಲಿದ್ದರೆಂದು ಕೇಳಿದರೆ ತಡವರಿಸುವುದು ಸಹಜ. ಹತ್ತಿರದವರೇ ಸುತ್ತ ಇರುವುದರಿಂದ ಹಳೆಯ ಮುನಿಸು, ಪ್ರೀತಿ, ಸಾಲ, ಹೊಟ್ಟೆಕಿಚ್ಚು ಎಲ್ಲವೂ ಒಂದೇ ಕೋಣೆಯಲ್ಲಿ ಕೂತಿರುತ್ತವೆ. ಹೊರಗಿನ ಕಳ್ಳ ಬಂದನೆಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಕನ್ನಡದ ಓದುಗರಿಗೂ ಈ ರುಚಿ ಹೊಸದಲ್ಲ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು, ಅಕ್ಷರ ಓದಲಷ್ಟೇ ಬರುತ್ತಿದ್ದ ಸಾವಿರಾರು ಮಂದಿಯನ್ನು ಪುಸ್ತಕದ ದಾರಿಗೆ ತಂದರು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ‘ಬಂಗಾರದ ಮನುಷ್ಯ’ದ ಟಿ.ಕೆ. ರಾಮರಾವ್ ಅವರ ರಹಸ್ಯ ಕಾದಂಬರಿಗಳಿಗೆ ವಾಚನಾಲಯಗಳಲ್ಲಿ ಸರದಿ ಕಾಯುತ್ತಿದ್ದ ಕಾಲವೊಂದಿತ್ತು. ತೆರೆಯ ಮೇಲೆ ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡೇ ಇಲ್ಲದ ‘ತರ್ಕ’ ಮಾಡಿ ಪ್ರೇಕ್ಷಕರನ್ನು ಕುರ್ಚಿಯ ತುದಿಗೆ ತಂದರು. 1995ರಲ್ಲಿ ಅವರೇ ‘ಬೆಳದಿಂಗಳ ಬಾಲೆ’ಯಲ್ಲಿ ಇಡೀ ಚಿತ್ರವನ್ನು ಒಂದು ಊಹೆಯಾಟದ ಮೇಲೆ ನಿಲ್ಲಿಸಿದರು: ಫೋನಿನಲ್ಲಿ ಮಾತಾಡುವ ಹುಡುಗಿ ಯಾರು, ಹೆಸರೇನು?

ಈ ಕಥೆಗಳೆಲ್ಲ ನಮಗೆ ಒಂದು ಸುಖ ಕೊಡುತ್ತವೆ. ಕೊನೆಯ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಒಂದೆಡೆ ಕೂರಿಸಿ ಬೆರಳು ತೋರಿಸುತ್ತಾನೆ, ಅದು ತಪ್ಪಾಗುವುದಿಲ್ಲ. ತಾರಸಿಯ ಆಟ ಆ ಸುಖವನ್ನು ಕೊಡುವುದಿಲ್ಲ. ಅಲ್ಲಿ ಬೆರಳು ತೋರಿಸುವವರು ನಾವು, ತಪ್ಪುವವರೂ ನಾವು.

ನೂರಕ್ಕೆ 54

ಎಷ್ಟು ಸಲ ತಪ್ಪುತ್ತೇವೆ? ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಬಹುದು. ಒಂಬತ್ತು ಆಟಗಾರರು, ಇಬ್ಬರು ಮಾಫಿಯಾ; ರಾತ್ರಿ ಒಬ್ಬರನ್ನು ಉಳಿಸುವ ಡಾಕ್ಟರ್, ಒಬ್ಬರು ಯಾರ ಕಡೆಯೆಂದು ‘ದೇವರ’ನ್ನು ಕೇಳಿ ತಿಳಿಯುವ ಪತ್ತೇದಾರ ಇಂಥ ಪಾತ್ರಗಳಿಲ್ಲದ ಸರಳ ಆಟ. ಮಾಫಿಯಾ ಇಬ್ಬರೂ ಹೊರಬಿದ್ದರೆ ಊರು ಗೆದ್ದಂತೆ, ಉಳಿದ ಊರಿನವರ ಸಂಖ್ಯೆ ಮಾಫಿಯಾಗೆ ಸಮವಾದರೆ ಮಾಫಿಯಾ ಗೆದ್ದಂತೆ. ಮೊದಲ ರಾತ್ರಿ ಒಬ್ಬರು ಸತ್ತ ಮೇಲೆ ಎಂಟು ಮಂದಿ ಉಳಿಯುತ್ತಾರೆ. ಅವರಲ್ಲಿ ಆರು ಜನ ಅಮಾಯಕರು. ಊರು ಕಣ್ಣು ಮುಚ್ಚಿ ಯಾರನ್ನೋ ಆರಿಸಿದರೆ ನಾಲ್ಕರಲ್ಲಿ ಮೂರು ಸಲ ಅಮಾಯಕರೇ ಹೊರಗೆ ಹೋಗುತ್ತಾರೆ. ಹೀಗೇ ಪ್ರತಿ ದಿನ ಊಹೆಯ ಮೇಲೆ ಮತ ಹಾಕುತ್ತ ಹೋದರೆ ಊರು ಗೆಲ್ಲುವುದು 32 ಆಟಗಳಲ್ಲಿ ಸರಾಸರಿ ಐದು ಮಾತ್ರ. ಮಿಕ್ಕ 27 ಆಟಗಳಲ್ಲಿ ಇಬ್ಬರು ಸೇರಿ ಏಳು ಮಂದಿಯನ್ನು ಸೋಲಿಸುತ್ತಾರೆ.

‘ನಾವೇನು ಕಣ್ಣು ಮುಚ್ಚಿ ಆರಿಸ್ತೀವಾ? ಮುಖ ನೋಡ್ತೀವಿ, ಮಾತು ಕೇಳ್ತೀವಿ’ ಎನ್ನಬಹುದು. ಇದನ್ನು ಮನಃಶಾಸ್ತ್ರಜ್ಞರು ದಶಕಗಳಿಂದ ಅಳೆದಿದ್ದಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸುಮಾರು 24,000 ಜನ, ಎದುರಿನವರು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ತೀರ್ಮಾನಿಸಿದ ದಾಖಲೆಗಳು ಅವು. ಸರಿಯಾದದ್ದು ನೂರಕ್ಕೆ 54. ನಾಣ್ಯ ಚಿಮ್ಮಿದ್ದರೂ 50 ಸರಿಯಾಗುತ್ತಿತ್ತು. ಅದಕ್ಕೂ ಮೊದಲು, 1991ರಲ್ಲಿ, ಪಾಲ್ ಎಕ್‌ಮನ್ ಮತ್ತು ಮೌರೀನ್ ಓಸಲಿವನ್ ಅಮೆರಿಕದ ಪೊಲೀಸರು, ನ್ಯಾಯಾಧೀಶರು, ಮನೋವೈದ್ಯರನ್ನೆಲ್ಲ ಹೀಗೆ ಪರೀಕ್ಷಿಸಿದ್ದರು. ಊಹೆಯ ಮಟ್ಟಕ್ಕಿಂತ ಮೇಲೆ ನಿಂತದ್ದು ಸೀಕ್ರೆಟ್ ಸರ್ವಿಸ್‌ನವರು ಮಾತ್ರ.

ರಾಜ ರಾಣಿ ಆಟದಲ್ಲಿ ಇಬ್ಬರ ಎದುರು ನಿಂತ ಎಂಟು ವರ್ಷದ ‘ಪೊಲೀಸ್’ ನೂರಕ್ಕೆ 50 ಸಲ ಕಳ್ಳನನ್ನು ಹಿಡಿಯುತ್ತಾನೆ. ಅನುಭವ, ಓದು, ವಯಸ್ಸು ಎಲ್ಲ ಸೇರಿಸಿಕೊಂಡ ನಮಗೆ ಅವನಿಗಿಂತ ಹೆಚ್ಚಾಗಿ ಸಿಗುವುದು ನಾಲ್ಕು. ಆದರೆ ನಮ್ಮ ದನಿಯಲ್ಲಿರುವ ಖಚಿತತೆ ಮಾತ್ರ ನೂರಕ್ಕೆ ನೂರು. ಮೂಗು ಉಜ್ಜಿಕೊಂಡ, ಕಣ್ಣು ತಪ್ಪಿಸಿದ, ಜಾಸ್ತಿ ಮಾತಾಡಿದ, ಮಾತೇ ಆಡಲಿಲ್ಲ. ಇವೆಲ್ಲ ಹೆದರಿಕೆಯ ಗುರುತುಗಳು. ಸುಳ್ಳುಗಾರ ಹೆದರುವ ಹಾಗೆ ಸುಮ್ಮಸುಮ್ಮನೆ ಅನುಮಾನಕ್ಕೆ ಒಳಗಾದವನೂ ಹೆದರುತ್ತಾನೆ. ಅವನ ಹೆದರಿಕೆ ಇನ್ನೂ ಹೆಚ್ಚಿರಬಹುದು.

ಈ ಆಟವನ್ನು ಗಣಿತಜ್ಞರೂ ಬಿಟ್ಟಿಲ್ಲ. ಮಾರ್ಕ್ ಬ್ರೇವರ್‌ಮನ್, ಒಮಿಡ್ ಎತೆಸಾಮಿ ಮತ್ತು ಎಲ್ಚನನ್ ಮೊಸ್ಸೆಲ್ 2008ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪತ್ತೇದಾರನಿಲ್ಲದ ಊರಿನಲ್ಲಿ ಜನಸಂಖ್ಯೆಯ ವರ್ಗಮೂಲದ ಅಳತೆಯಷ್ಟು ಕೊಲೆಗಾರರಿದ್ದರೂ ಸಾಕು, ಪಂದ್ಯ ಸಮಬಲವಾಗುತ್ತದೆ. ಊರು ದೊಡ್ಡದಾದಷ್ಟೂ ಈ ಪಾಲು ಸಣ್ಣದಾಗುತ್ತ ಹೋಗುತ್ತದೆ. ಊರಿನ ಕಡೆ ಪತ್ತೇದಾರರು ಸೇರಿದರೆ ಲೆಕ್ಕವೇ ತಿರುಗಿಬೀಳುತ್ತದೆ. ಆಗ ಪಂದ್ಯ ಸಮಬಲವಾಗಲು ಕೊಲೆಗಾರರ ಸಂಖ್ಯೆಯೂ ಊರಿನ ಜೊತೆಗೇ ಬೆಳೆಯಬೇಕು. ನೂರು ಜನರ ಅನಿಸಿಕೆಗಿಂತ ಖಚಿತವಾಗಿ ತಿಳಿದ ಒಂದು ಸಂಗತಿಗೆ ಬಲ ಹೆಚ್ಚು ಎಂಬುದನ್ನು ಲೆಕ್ಕವೇ ಹೇಳುತ್ತಿದೆ.

ಊರೇ ಕೈ ಎತ್ತಿದ ದಿನ

ಆಟದ ಊರಿನಲ್ಲಿ ತಪ್ಪು ಮತಕ್ಕೆ ಸಿಗುವುದು ನಗು. ನಿಜದ ಊರಿನಲ್ಲಿ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಂಡಿದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಮನೆಮನೆ ಸುತ್ತುತ್ತಿದ್ದವು. ಆ ತಿಂಗಳ 23ರಂದು ಚಾಮರಾಜಪೇಟೆಯಲ್ಲಿ, ಬನಶಂಕರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಗುಂಪೊಂದು ಮಕ್ಕಳ ಕಳ್ಳನೆಂದು ಹಿಡಿದು, ಕಟ್ಟಿ, ಎಳೆದಾಡಿ ಹೊಡೆಯಿತು. ಅವನು ಬದುಕಲಿಲ್ಲ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ಅನುಮಾನಕ್ಕೆ ಬಲಿಯಾದರು. ದಾರಿಯಲ್ಲಿ ಕಂಡ ಮಕ್ಕಳಿಗೆ ಅವರ ಗುಂಪು ಚಾಕೊಲೇಟ್ ಕೊಟ್ಟಿದ್ದೇ ಜನರಿಗೆ ಸಾಕ್ಷಿಯಾಗಿ ಕಂಡಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

ಅಲ್ಲಿ ಕೈ ಎತ್ತಿದವರೆಲ್ಲ ಕ್ರೂರಿಗಳಾಗಿ ಹುಟ್ಟಿದವರಲ್ಲ. ತಮ್ಮ ಮಕ್ಕಳ ಬಗ್ಗೆ ಹೆದರಿದವರು, ತಮ್ಮ ಊಹೆಯ ಮೇಲೆ ಸಂಶಯವೇ ಇಲ್ಲದವರು. ಗುಂಪಿನಲ್ಲಿ ಒಬ್ಬ ‘ಇವನೇ’ ಎಂದಾಗ ಎರಡನೆಯವನಿಗೆ ಧೈರ್ಯ ಬರುತ್ತದೆ, ಮೂರನೆಯವನಿಗೆ ಅದು ಸಾಬೀತಾದ ಹಾಗೆ ಕಾಣುತ್ತದೆ. ತಾರಸಿಯ ಮೇಲೆ ಆರು ಕೈ ಒಂದೊಂದಾಗಿ ಮೇಲೇಳುವ ಕ್ರಮವೂ ಇದೇ. ಗಮನಿಸಿ ನೋಡಿ: ಮೊದಲ ಎರಡು ಕೈ ತಡವಾಗಿ ಏಳುತ್ತವೆ, ಮಿಕ್ಕ ನಾಲ್ಕು ಒಮ್ಮೆಗೇ.

ಮಡಿವಾಳದ ಪ್ರಯೋಗಾಲಯ

ಮುಖ ನೋಡಿ ಸತ್ಯ ತಿಳಿಯದಿದ್ದರೆ ಯಂತ್ರ, ಔಷಧಿ ಬಳಸಿ ತಿಳಿಯಬಹುದಲ್ಲ? ಈ ಆಸೆಗೆ ಒಂದು ಕಾಲಕ್ಕೆ ದೇಶದಲ್ಲೇ ಹೆಸರುವಾಸಿಯಾಗಿದ್ದದ್ದು ನಮ್ಮ ಬೆಂಗಳೂರು. ಬಿಟಿಎಂ ಲೇಔಟಿನ ಮಗ್ಗುಲಲ್ಲೇ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. 2000ದ ದಶಕದಲ್ಲಿ ಬೇರೆ ಬೇರೆ ರಾಜ್ಯಗಳ ಪೊಲೀಸರು ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಚುಚ್ಚಿ ಅರೆಎಚ್ಚರದ ಸ್ಥಿತಿಗೆ ತಂದು ಪ್ರಶ್ನೆ ಕೇಳುವುದು ಅದರ ವಿಧಾನ. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲೂ ಬಂದವು. ಜನ ಅದನ್ನು ಧಾರಾವಾಹಿಯಂತೆ ನೋಡಿದರು.

ಇದು ಸರಿಯೇ ಎಂಬ ಪ್ರಶ್ನೆ ಕರ್ನಾಟಕದ್ದೇ ಒಂದು ಪ್ರಕರಣದ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ‘ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ಸರ್ಕಾರ’. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗಾಗಲಿ, ಸುಳ್ಳುಪತ್ತೆ ಯಂತ್ರಕ್ಕಾಗಲಿ, ಬ್ರೈನ್ ಮ್ಯಾಪಿಂಗ್‌ಗಾಗಲಿ ಒಳಪಡಿಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿಗೂ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಾದ 21ನೇ ವಿಧಿಗೂ ಅದು ವಿರುದ್ಧ. ಒಪ್ಪಿಕೊಂಡು ಪರೀಕ್ಷೆಗೆ ಕೂತರೂ ಅಲ್ಲಿ ಹೇಳಿದ ಮಾತು ತಾನೇ ಸಾಕ್ಷ್ಯವಾಗದು.

ಮನುಷ್ಯನ ಮನಸ್ಸಿನೊಳಗೆ ಇಣುಕಿ ಸತ್ಯವನ್ನು ಕಿತ್ತು ತರುವ ಅಡ್ಡದಾರಿಯನ್ನು ನ್ಯಾಯಾಲಯ ಹೀಗೆ ಮುಚ್ಚಿತು. ಹಾಗಾದರೆ ತೆರೆದಿರುವ ದಾರಿ ಯಾವುದು?

ವರ್ತುಲ ರಸ್ತೆಯ ಆ ರಾತ್ರಿ

ಅದಕ್ಕೆ ಉತ್ತರವಾಗಿ ನನಗೆ ನೆನಪಾಗುವುದು ಬೆಂಗಳೂರನ್ನು ನಡುಗಿಸಿದ ವರ್ತುಲ ರಸ್ತೆ ಕೊಲೆ ಪ್ರಕರಣ. ನೊಂದ ಮನೆಗಳು ಇನ್ನೂ ಇವೆ. ಹೆಸರುಗಳನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. 2003ರ ಡಿಸೆಂಬರ್ 3ರ ರಾತ್ರಿ. ಆಗಷ್ಟೇ, ನವೆಂಬರ್ 30ರಂದು, ನಿಶ್ಚಿತಾರ್ಥ ಮಾಡಿಕೊಂಡಿದ್ದ 27 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್, ಬಸವನಗುಡಿಯ ಕಾನೂನು ಕಾಲೇಜಿನಲ್ಲಿ ಓದುತ್ತಿದ್ದ ತನ್ನ ಭಾವಿ ಪತ್ನಿಯೊಂದಿಗೆ ಊಟಕ್ಕೆ ಹೋಗಿದ್ದ. ಹಿಂತಿರುಗುವಾಗ ಹಳೆಯ ವಿಮಾನ ನಿಲ್ದಾಣದ ಹತ್ತಿರ ವಿಮಾನ ಇಳಿಯುವುದನ್ನು ನೋಡಲು ಇಬ್ಬರೂ ನಿಂತರು. ಹಿಂದಿನಿಂದ ತಲೆಗೆ ಬಿದ್ದ ಪೆಟ್ಟಿಗೆ ಆತ ಉಳಿಯಲಿಲ್ಲ. ಹೊಡೆದವರು ಯಾರೆಂದು ಕಣ್ಣಾರೆ ಕಂಡು ಹೇಳುವವರಿರಲಿಲ್ಲ.

ಅಪರಿಚಿತ ದರೋಡೆಕೋರರು ಎಂದು ಊಹಿಸಬಹುದಿತ್ತು. ತನಿಖೆ ಹಿಡಿದದ್ದು ಬೇರೆ ಜಾಡನ್ನು. ಮೊಬೈಲ್ ಇನ್ನೂ ಹೊಸತಾಗಿದ್ದ ಆ ಕಾಲದಲ್ಲಿ ಪೊಲೀಸರು ಕರೆಗಳ ದಾಖಲೆ ತರಿಸಿಕೊಂಡು, ಯಾರು ಯಾರಿಗೆ ಯಾವ ಹೊತ್ತಿಗೆ ಫೋನ್ ಮಾಡಿದರೆಂದು ಸಾಲು ಸಾಲಾಗಿ ಜೋಡಿಸಿದರು. ವಶಪಡಿಸಿಕೊಂಡ ವಸ್ತುಗಳನ್ನು ಆ ಸಾಲಿಗೆ ಸೇರಿಸಿದರು. ಜನವರಿಯಲ್ಲಿ ಬಂಧನಗಳಾದವು. ಭಾವಿ ಪತ್ನಿ, ಆಕೆಯ ಕಾಲೇಜು ಗೆಳೆಯ, ಜೊತೆಗೆ ಇನ್ನಿಬ್ಬರು. 2010ರ ಜುಲೈನಲ್ಲಿ, ಸೆಲ್ವಿ ತೀರ್ಪು ಬಂದ ಎರಡೇ ತಿಂಗಳಿಗೆ, ಬೆಂಗಳೂರಿನ ನ್ಯಾಯಾಲಯ ನಾಲ್ವರಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ಹೈಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 2025ರ ಜುಲೈ 14ರಂದು ನ್ಯಾಯಮೂರ್ತಿಗಳಾದ ಎಂ.ಎಂ. ಸುಂದರೇಶ್ ಮತ್ತು ಅರವಿಂದ ಕುಮಾರ್ ಅವರ ಸುಪ್ರೀಂ ಕೋರ್ಟ್ ಪೀಠವೂ ಅದನ್ನೇ ಖಾಯಂ ಮಾಡಿತು. ಮನಸ್ಸಿಗೆ ಒಪ್ಪದ ಮದುವೆಯನ್ನು ಮನೆಯವರು ಹೇರಿದರೆ ಎಂಥ ಅನಾಹುತಕ್ಕೆ ದಾರಿಯಾಗಬಹುದೆಂದು ನೋವಿನಿಂದ ಬರೆದ ನ್ಯಾಯಾಲಯ, ಅಪರಾಧಿಗಳು ರಾಜ್ಯಪಾಲರ ಕ್ಷಮಾದಾನ ಕೋರಲು ಎಂಟು ವಾರ ಸಮಯವನ್ನೂ ಕೊಟ್ಟಿತು.

ಕೊಲೆಯಿಂದ ಕೊನೆಯ ತೀರ್ಪಿಗೆ 21 ವರ್ಷ ದಾಟಿತು. ಅಷ್ಟು ವರ್ಷ ಎರಡೂ ಕಡೆಯ ತಂದೆ ತಾಯಂದಿರು ಕಾದಿದ್ದನ್ನು ಯಾರೂ ಸಮರ್ಥಿಸಲಾರರು. ನ್ಯಾಯ ಇದಕ್ಕಿಂತ ಬೇಗ ಬರಲೇಬೇಕು. ಆದರೆ ಅಲ್ಲಿ ನಡೆದ ಕೆಲಸದ ಬಗೆಯನ್ನು ಗಮನಿಸಿ. ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಮೊಕದ್ದಮೆಗಳಿಗೆ ಸುಪ್ರೀಂ ಕೋರ್ಟ್ 1984ರ ಶರದ್ ಬಿರಧಿಚಂದ್ ಸಾರ್ದಾ ಪ್ರಕರಣದಲ್ಲಿ ಅಳತೆಗೋಲು ಹಾಕಿಕೊಟ್ಟಿದೆ: ಪ್ರತಿ ಸಂಗತಿಯೂ ಪೂರ್ತಿ ಸಾಬೀತಾಗಬೇಕು, ಸರಪಳಿಯ ಒಂದು ಕೊಂಡಿಯೂ ತಪ್ಪಬಾರದು, ಆರೋಪಿ ನಿರಪರಾಧಿ ಆಗಿರಬಹುದೆಂಬ ಸಮಂಜಸವಾದ ದಾರಿ ಒಂದೂ ಉಳಿದಿರಬಾರದು. ಅನುಮಾನ ಎಷ್ಟೇ ಬಲವಾಗಿರಲಿ, ಅದು ರುಜುವಾತಿನ ಜಾಗದಲ್ಲಿ ಕೂರುವಂತಿಲ್ಲ. ತಾರಸಿಯ ಆಟದಲ್ಲಿ ಎರಡು ನಿಮಿಷಕ್ಕೆ ಆಗುವ ತೀರ್ಮಾನಕ್ಕೆ ನ್ಯಾಯಾಲಯ ಇಷ್ಟು ಬೇಲಿ ಹಾಕಿಕೊಂಡಿರುವುದು ಸುಮ್ಮನೆ ಅಲ್ಲ.

ಆಟ ಬಿಡಬೇಡಿ

ಇದನ್ನೆಲ್ಲ ಓದಿ ‘ಹಾಗಾದರೆ ಈ ಆಟವೇ ಬೇಡ’ ಎಂದು ಯಾರೂ ಅಂದುಕೊಳ್ಳಬಾರದು. ಆಡಬೇಕು. ಮನೆಯ ಮಕ್ಕಳ ಜೊತೆ, ಅಜ್ಜ ಅಜ್ಜಿಯರನ್ನೂ ಕೂರಿಸಿಕೊಂಡು ಆಡಬೇಕು. ಮೊಬೈಲು ಬದಿಗಿಟ್ಟು ಹತ್ತು ಮಂದಿ ಪರಸ್ಪರ ಮುಖ ನೋಡಿಕೊಂಡು ಕೂರುವ ಸಂದರ್ಭಗಳೇ ಈಗ ಎಷ್ಟಿವೆ? ಈ ಆಟದಲ್ಲಿ ಮಾತು ಕಡಿಮೆಯ ಹುಡುಗಿ ಧೈರ್ಯವಾಗಿ ವಾದ ಮಾಡುವುದನ್ನು ಕಲಿಯುತ್ತಾಳೆ. ಜೋರು ದನಿಯವನು ತನ್ನ ಜೋರಿಗೂ ಸತ್ಯಕ್ಕೂ ಸಂಬಂಧವಿಲ್ಲವೆಂದು ಎಲ್ಲರೆದುರು ಕಲಿಯುತ್ತಾನೆ. ಅತಿ ಹತ್ತಿರದ ಗೆಳೆಯ ಕೂಡ ತನ್ನನ್ನು ತಪ್ಪು ತಿಳಿಯಬಲ್ಲ, ತಿಳಿದ ಮೇಲೂ ಗೆಳೆಯನಾಗಿಯೇ ಉಳಿಯಬಲ್ಲ ಎಂಬ ಅನುಭವ ಸಣ್ಣದಲ್ಲ.

ಆಡುವ ಬಗೆಯಲ್ಲಿ ಎರಡು ರೂಢಿ ಮಾಡಿಕೊಂಡರೆ ಸಾಕು. ಒಂದು, ಕೈ ಎತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ‘ಯಾಕೋ ಅವನೇ ಅನ್ನಿಸುತ್ತೆ’ ಎಂಬುದನ್ನು ಕಾರಣವೆಂದು ಒಪ್ಪಬಾರದು. ಯಾರು ಯಾವಾಗ ಯಾರ ವಿರುದ್ಧ ಮತ ಹಾಕಿದರು, ಯಾರ ಮಾತು ಹಿಂದಿನ ಸುತ್ತಿನ ಮಾತಿಗೆ ತಾಳೆಯಾಗುತ್ತಿಲ್ಲ ಎಂಬುದು ಕಾರಣ. ಅದು ಎಲ್ಲರೂ ಪರಿಶೀಲಿಸಬಹುದಾದ ಸಂಗತಿ. ಚೆನ್ನಾಗಿ ಆಡುವವರು ಮುಖವನ್ನು ಬಿಟ್ಟು ಮತಗಳ ಜಾಡು ಹಿಡಿಯುವುದನ್ನು ಯಾರು ಬೇಕಾದರೂ ಗಮನಿಸಬಹುದು. ಎರಡು, ಆಟ ಮುಗಿದ ಮೇಲೆ ಐದು ನಿಮಿಷ ಕೂತು, ಊರು ಹೊರಹಾಕಿದವರಲ್ಲಿ ಎಷ್ಟು ಮಂದಿ ಅಮಾಯಕರಾಗಿದ್ದರು, ಅವರನ್ನು ಯಾವ ಗುರುತಿನ ಮೇಲೆ ಹೊರಹಾಕಿದೆವು ಎಂದು ಮಾತಾಡಬೇಕು. ಮಕ್ಕಳಿದ್ದರೆ ಆ ಐದು ನಿಮಿಷಕ್ಕೆ ಆಟದಷ್ಟೇ ಬೆಲೆ.

ಬದುಕಿನಲ್ಲಿ ಕೊನೆಗೆ ಚೀಟಿ ಬಿಚ್ಚಿ ತೋರಿಸುವ ‘ದೇವರು’ ಇರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಒಡವೆ ಕಾಣೆಯಾದಾಗ ಮನೆಗೆಲಸದಾಕೆಯ ಮೇಲೆ, ತರಗತಿಯಲ್ಲಿ ದುಡ್ಡು ಕಳೆದಾಗ ಬಡ ಹುಡುಗನ ಮೇಲೆ, ಬೀದಿಯಲ್ಲಿ ಗುಲ್ಲೆದ್ದಾಗ ಭಾಷೆ ಬಾರದ ಹೊಸಬನ ಮೇಲೆ ನಮ್ಮ ಬೆರಳು ತಾನಾಗಿಯೇ ಹೋಗುತ್ತದೆ. ಹಾಗೆ ತಪ್ಪಾಗಿ ತೋರಿಸಿದ ಬೆರಳುಗಳ ಲೆಕ್ಕ ಎಲ್ಲೂ ದಾಖಲಾಗುವುದಿಲ್ಲ. ಅದನ್ನು ಹೊತ್ತವರು ಜೀವನಪೂರ್ತಿ ಹೊತ್ತಿರುತ್ತಾರೆ. ಊಹಿಸುವುದು ಮನುಷ್ಯನ ಸ್ವಭಾವ, ಅದಕ್ಕೆ ನಾಚಬೇಕಿಲ್ಲ. ಆ ಊಹೆಯ ಮೇಲೆ ಒಬ್ಬರ ಮಾನ, ಕೆಲಸ, ಜೀವ ತೆಗೆಯುವ ಮುನ್ನ ‘ನನ್ನ ಕೈಯಲ್ಲಿ ಇರುವುದೇನು, ನಾನು ತಪ್ಪಾಗಿದ್ದರೆ ನಷ್ಟ ಯಾರಿಗೆ?’ ಎಂದು ಕೇಳಿಕೊಳ್ಳುವುದು ನಮ್ಮ ಹೊಣೆ. ಇಷ್ಟನ್ನು ಕೇಳಿಕೊಳ್ಳುವ ಅಭ್ಯಾಸ ಹತ್ತು ಮಕ್ಕಳಲ್ಲಿ ಬೆಳೆದರೂ ಆ ಬೀದಿಯಲ್ಲಿ ಒಬ್ಬ ಅಮಾಯಕ ನಿಶ್ಚಿಂತೆಯಿಂದ ನಡೆದಾಡಬಹುದು.